ತಾನಾಗಿ ಬೀಳುವ ನೀರು

ಫೆಬ್ರವರಿ 6

ಅತ್ತಿಗೆ,

ಇವತ್ತು ಹೊತ್ತೇರಿದ ಮೇಲೆ ಸಸಿಗಳಿಗೆ ನೀರು ಹಾಯಿಸಲು ಪೈಪು ಎತ್ತಿಕೊಂಡೆ. ಮೊದಲು ಬಂದ ನೀರು ಬಿಸಿಯಾಗಿತ್ತು. ಬೆರಳನ್ನು ಚಕ್ಕನೆ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ. ಕಪ್ಪು ಪೈಪು, ಯಾರೂ ಸುತ್ತಿಡದೆ ಬಿಸಿಲಿಗೆ ಬಿದ್ದಿತ್ತು, ಅದರ ಹೊಟ್ಟೆಯಲ್ಲಿ ಉಳಿದಿದ್ದ ನೀರು ಕಾದಿತ್ತು. ಮೇಲಿನ ದಾರಿಯಿಂದ ದೊಡ್ಡಮ್ಮ ಕೂಗಿದರು: “ಏಯ್, ಸಸಿ ಬೇಯಿಸ್ತೀಯೇನೇ? ಮೊದಲ ನೀರು ನೆಲಕ್ಕೆ ಬಿಡು!” ನಾನು ನೆಲಕ್ಕೆ ಬಿಡಲಿಲ್ಲ, ನನ್ನ ಪಾದಗಳ ಮೇಲೆ ಬಿಟ್ಟುಕೊಂಡೆ. ಇಲ್ಲಿಗೆ ಬಂದ ಈ ಎರಡು ತಿಂಗಳಲ್ಲಿ ನನ್ನ ಮೈಗೆ ತಾಗಿದ ಮೊದಲ ಬಿಸಿನೀರು ಅದು.

ದೊಡ್ಡಮ್ಮ ಎಂದರೆ ಈ ನರ್ಸರಿಯ ಒಡತಿ. ಯಾರಿಗೂ ಸಂಬಂಧವಲ್ಲ, ಎಲ್ಲರೂ ಹಾಗೇ ಕರೆಯುತ್ತಾರೆ. ಕರೆಂಟಿನ ಕಂಬ ಈ ಗುಡ್ಡ ಹತ್ತಿಲ್ಲ, ಫೋನು ಹಿಡಿಯುವುದಿಲ್ಲ, ಗ್ಯಾಸು ಅಡುಗೆಗೆ ಮಾತ್ರ. ಸೌದೆಯ ಮಾತೆತ್ತಿದರೆ “ಗಿಡ ಬೆಳೆಸೋಳು ನಾನು, ಸುಡೋಳಲ್ಲ” ಅನ್ನುತ್ತಾರೆ. ಹಾಗಾಗಿ ನನಗೆ ದಿನವೂ ಗೊಬ್ಬರದ ಚೀಲಗಳ ಹಿಂದಿನ ಮೂಲೆಯಲ್ಲಿ, ಹಲ್ಲು ಕಚ್ಚಿಕೊಂಡು ತಣ್ಣೀರು.

ನಾನು ಹೊರಟ ದಿನ ನೀವು ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಿದೆಯಾ? “ಬಿಸಿನೀರಿನ ಸ್ನಾನ ಇಲ್ಲದ ಜಾಗಕ್ಕೆ ನಾನಂತೂ ಕಾಲಿಡಲ್ಲ. ಒಂದು ಬಚ್ಚಲು ಮಾಡು, ಬರ್ತೀನಿ.” ಪಾದದ ಮೇಲೆ ನೀರು ಹರಿಯುತ್ತಿದ್ದಾಗ ಅದೇ ನೆನಪಾಯಿತು. ಇಲ್ಲಿ ಗುಡ್ಡವನ್ನು ಮೆಟ್ಟಿಲಿನ ಹಾಗೆ ಕಡಿದು ಸಸಿಮಡಿ ಮಾಡಿದ್ದಾರೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ನನ್ನ ತಲೆಗಿಂತ ಎತ್ತರದ ಕಲ್ಲುಗೋಡೆ. ಮೇಲಿನ ಮೆಟ್ಟಿಲಿನ ಅಂಚಿಗೆ ಕಪ್ಪು ಬಣ್ಣ ಬಳಿದ ಡ್ರಮ್ಮು ಇಟ್ಟರೆ, ಕೆಳಗೆ ನಿಂತವರ ತಲೆಯ ಮೇಲೆ ನೀರು ತಾನಾಗಿ ಬೀಳುತ್ತದೆ. ಪಂಪು ಬೇಡ, ಬೆಂಕಿ ಬೇಡ. ಡ್ರಮ್ಮು ತುಂಬಲು ಝರಿಯ ಪೈಪು ಅಲ್ಲೇ ಹಾದುಹೋಗಿದೆ.

ಇಲ್ಲಿ ಮಾತಾಡಲು ಜನ ಇಲ್ಲ ಎಂದಲ್ಲ. ನಾನೇ ಮಾತಾಡುವುದಿಲ್ಲ. ನಿಮ್ಮ ಜೊತೆ ಮಾತ್ರ ನನಗೆ ಬಾಯಿ ಬರುತ್ತಿತ್ತು. ಸ್ನಾನದ ಜಾಗ ಆದರೆ ಬರುತ್ತೀರಲ್ಲ? ಒಂದು ವಾರದ ಮಟ್ಟಿಗಾದರೂ?

ಈ ಪತ್ರ ಲಾರಿಯಣ್ಣನ ಕೈಲಿ ಕಳಿಸುತ್ತಿದ್ದೇನೆ. ವಾರಕ್ಕೊಮ್ಮೆ ಸಸಿ ಇಳಿಸಲು ಅವನು ನಮ್ಮ ಬೀದಿಯಲ್ಲೇ ಹೋಗುತ್ತಾನೆ. ಉತ್ತರ ಅವನಿಗೇ ಕೊಡಿ. ಅಮ್ಮ ಕೇಳಿದರೆ ನಾನು ದಪ್ಪಗಾಗಿದ್ದೇನೆ ಎನ್ನಿ.

ನಿಮ್ಮ ನಾದಿನಿ


ಫೆಬ್ರವರಿ 13

ಮೌನಗೌರಿಗೆ,

ಎಂ.ಎ. ಓದಿ ಗಿಡಗಳಿಗೆ ಹೆಸರಿನ ಚೀಟಿ ಬರೆಯಲು ಹೋದವಳು ಈಗ ಬಚ್ಚಲು ಕಟ್ಟುತ್ತಾಳಂತೆ ಎಂದು ನಿನ್ನ ಅಣ್ಣನಿಗೆ ಓದಿ ಹೇಳಿದೆ. “ಮೊದಲು ಅವಳು ಸುತ್ತಿಗೆಯ ಯಾವ ತುದಿ ಹಿಡ್ಕೋಬೇಕು ಅಂತ ಕಲೀಲಿ” ಅಂದರು. ನಿಮ್ಮಮ್ಮ “ಬಯಲಲ್ಲಿ ಸ್ನಾನವಾ!” ಎಂದು ಎರಡೂ ಕಿವಿ ಮುಚ್ಚಿಕೊಂಡರು, ಬೆರಳ ಸಂದಿಯಿಂದ ಕೊನೆಯ ಸಾಲಿನವರೆಗೂ ಕೇಳಿಸಿಕೊಂಡರು.

ನನಗಂತೂ ನಿನ್ನ ಯೋಜನೆ ಬಹಳ ಹಿಡಿಸಿತು. ನಮ್ಮ ಮನೆಯ ಬಚ್ಚಲಲ್ಲೂ ಗೋಡೆಗೆ ಷವರ್ ಇದೆಯಲ್ಲ, ನೀನು ಕಂಡಂತೆ ಅದರಿಂದ ಎಂದಾದರೂ ನೀರು ಬಂದದ್ದುಂಟಾ? ನಾಲ್ಕನೇ ಮಹಡಿಗೆ ನೀರು ಏರುವುದೇ ಇಲ್ಲ. ಅದರೊಳಗೆ ಜೇಡವೊಂದು ಸಂಸಾರ ಹೂಡಿದೆ. ಬಕೆಟ್ಟು, ಚೊಂಬು, ಅಷ್ಟೇ ನಮ್ಮ ಪಾಲಿಗೆ.

ಅದಕ್ಕೇ ಕೆಲವು ಪ್ರಶ್ನೆ. ನಲ್ಲಿ ಎಲ್ಲಿ ಬರುತ್ತದೆ? ಕೈ ಎತ್ತಬೇಕಾ? ಕಾಲಡಿ ಜಾರುತ್ತದಾ? ಒಂದು ಕೈಯಲ್ಲಿ ಹಿಡಿದುಕೊಳ್ಳಲು ಏನಾದರೂ ಇರುತ್ತದಾ? ಒಳಗೆ ಹೋದ ಮೇಲೆ ಹೊರಗಿನವರ ಸಹಾಯ ಯಾವುದಕ್ಕೂ ಬೇಡ ತಾನೇ? ಮೂಗು ಮುರಿಯಬೇಡ. ಬರುವವಳು ನಾನು, ಅಳತೆ ಕೇಳುವ ಹಕ್ಕು ನನಗಿದೆ. ರವಿಕೆ ಹೊಲಿಸುವ ಗಿರಾಕಿಗಳು ನನ್ನನ್ನು ಇದಕ್ಕಿಂತ ಹೆಚ್ಚು ಪೀಡಿಸುತ್ತಾರೆ.

ಜಾಗಕ್ಕೆ ಬಾಗಿಲಿನ ಬದಲು ಪರದೆ ಹಾಕು. ಬಟ್ಟೆ ನನ್ನದು.

ಅತ್ತಿಗೆ


ಫೆಬ್ರವರಿ 22

ಅತ್ತಿಗೆ,

ಡ್ರಮ್ಮು ಬಂತು. ಬಂತು ಎಂದರೆ, ಲಾರಿಯಣ್ಣ ಅದನ್ನು ಗುಡ್ಡದ ಮೇಲಿನಿಂದ ಉರುಳಿಸಲು ಹೋಗಿ, ಅದು ಅವನ ಮಾತು ಕೇಳದೆ ಮೂರು ಮಡಿ ದಾಟಿ ಬೇಲಿಗೆ ತಗುಲಿ ನಿಂತಿತು. “ನೋಡಮ್ಮಾ, ಡೆಲಿವರಿ ಮನೆ ಬಾಗಿಲಿಗೇ” ಅಂದ.

ಎರಡು ಸಲ ಕಪ್ಪು ಬಳಿದೆ. ಝರಿಯ ಪೈಪನ್ನು ಮುಚ್ಚಳಕ್ಕೆ ಸಿಕ್ಕಿಸಿದೆ. ಷವರಿನ ಮೂತಿ ಅಂಗಡಿಯದ್ದಲ್ಲ: ಸಸಿಗಳಿಗೆ ನೀರು ಹಾಕುವ ಹಳೆಯ ಕ್ಯಾನಿನ ತೂತು ತೂತಿನ ಮೂತಿಯನ್ನೇ ಬಿಚ್ಚಿ ಪೈಪಿಗೆ ಜೋಡಿಸಿದೆ. ಎಳೆ ಸಸಿಗೆ ನೋವಾಗದ ಹಾಗೆ ನೀರು ಬೀಳಿಸಲು ಮಾಡಿದ್ದು ಅದು, ನಮಗೆ ಸಾಲದೇ? ಕಾಲಡಿಗೆ ಜಲ್ಲಿ, ಅದರ ಮೇಲೆ ಸಂದಿ ಬಿಟ್ಟು ಹೊಡೆದ ಹಲಗೆಯ ಮಣೆ. ಹರಿದ ನೀರು ಕಾಲುವೆ ಹಿಡಿದು ಬಾಳೆಯ ಬುಡಕ್ಕೆ.

ನಿಮ್ಮ ಪ್ರಶ್ನೆಗಳನ್ನು ಓದಿ ನಗು ಬಂತು. ನಲ್ಲಿ ತಲೆಯ ಮೇಲೆ, ಡ್ರಮ್ಮಿನ ಬುಡದಲ್ಲೇ ಇದೆ. ಕೈ ಎತ್ತಿ ತಿರುಗಿಸಿದರಾಯಿತು. ನೀವು ನನಗಿಂತ ಗೇಣುದ್ದ ಎತ್ತರ, ನಿಮಗೆ ಇನ್ನೂ ಸಲೀಸು.

ಮರೆಗೆ ಹಲಗೆ ಹೊಡೆಯುತ್ತಿದ್ದೇನೆ. ಮೂರೂ ಕಡೆ. ಲಾರಿಯಣ್ಣ ನಿಂತು ನೋಡಿ, “ಒಳಗೆ ಏನಮ್ಮಾ, ಆನೆ ಕಟ್ತೀಯಾ?” ಎಂದು ಕೇಳಿದ. ಅವನಿಗೆ ಎಲ್ಲವೂ ತಮಾಷೆ.

ಒಂದು ಮಾತು ಕೇಳಲಾ? ನಿಮ್ಮ ಪತ್ರದ ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗಿಳಿಯುತ್ತಿವೆ, ಈ ಗುಡ್ಡದ ದಾರಿಯ ಹಾಗೆ. ನಿಮ್ಮ ಬರಹ ಮೊದಲು ಹೊಲಿಗೆ ಹಾಕಿದಷ್ಟು ನೇರವಾಗಿರುತ್ತಿತ್ತು.

ಮಾರ್ಚ್ ಮೊದಲ ವಾರಕ್ಕೆ ಬನ್ನಿ. ನೀರು ಕಾದಿರುತ್ತದೆ.


ಮಾರ್ಚ್ 2

ಮೌನಗೌರಿಗೆ,

ಪರದೆಗೆ ಬಟ್ಟೆ ಕಳಿಸಿದ್ದೇನೆ. ನೀಲಿ ಗೀರಿನದು, ನೀರು ಬೇಗ ಜಾರುವಂಥದ್ದು. ಹೊಲಿಯಲಿಲ್ಲ, ಹಾಗೇ ಇಟ್ಟಿದ್ದೇನೆ. ಅಂಚು ಮಡಿಸಿ ಕೈಹೊಲಿಗೆ ಹಾಕಿಕೋ, ನಿನಗೆ ಕಲಿಸಿದ್ದೇನಲ್ಲ.

ಈ ತಿಂಗಳು ಬರಲಾಗುವುದಿಲ್ಲ ಕಣೇ. ಶಾಲೆಯವರ ಸಮವಸ್ತ್ರದ ಕೆಲಸ ಬಂದು ಕೂತಿದೆ, ಮಷಿನ್ ಬಿಟ್ಟು ಏಳಲು ಆಗುತ್ತಿಲ್ಲ. ಆಮೇಲೆ ನೋಡೋಣ. ಸಾಲು ಜಾರುವುದು ಸೋಮಾರಿತನಕ್ಕೆ. ಮಂಚದ ಮೇಲೆ ಒರಗಿ ಬರೆಯುವ ಚಟ ಬಿದ್ದಿದೆ. ಪತ್ರ ಓದು ಅಂದರೆ ಕೈಬರಹ ಓದುತ್ತೀಯಲ್ಲ, ನಿನ್ನ ಮೇಷ್ಟ್ರುಗಳು ಇದನ್ನೇ ಕಲಿಸಿದರಾ?

ನಲ್ಲಿ ಅಷ್ಟು ಮೇಲೆ ಯಾಕೆ ಇಟ್ಟೆ?

ನಿನ್ನ ಅಣ್ಣ ಕೇಳುತ್ತಿದ್ದಾರೆ, ಸುತ್ತಿಗೆ ನಿನ್ನ ಬೆರಳಿಗೆ ಎಷ್ಟು ಸಲ ಬಿತ್ತು?

ಅತ್ತಿಗೆ


ಮಾರ್ಚ್ 11

ಅತ್ತಿಗೆ,

ಬಟ್ಟೆ ತಲುಪಿತು.

ನೀರು ಕಾಯುತ್ತಿಲ್ಲ. ಮಧ್ಯಾಹ್ನ ಒಂದಿಷ್ಟು ಹೊತ್ತು ಡ್ರಮ್ಮಿನ ನೆತ್ತಿ ಬೆಚ್ಚಗಾಗುತ್ತದೆ, ಅಷ್ಟೇ. ಮೂರನೇ ಸಲ ಕಪ್ಪು ಬಳಿದೆ. ಬುಡಕ್ಕೆ ಹಳೆಯ ಗೋಣಿ ಸುತ್ತಿದೆ. ಮುಚ್ಚಳ ಬಿಗಿ ಮಾಡಿದೆ. ಬಿಸಿಲು ಹೊರಗೆ ತಲೆ ಒಡೆಯುವಷ್ಟಿದೆ, ನೀರು ಮಾತ್ರ ಬಾವಿಯಿಂದ ಈಗ ಸೇದಿದ ಹಾಗೆ. ಈಗೀಗ ಒಂದು ಕಪ್ಪೆ ಬಂದು ಡ್ರಮ್ಮಿನ ಬೆನ್ನಿಗೆ ಅಂಟಿಕೊಂಡು ಕೂರುತ್ತದೆ, ದಿನವಿಡೀ. ದೊಡ್ಡಮ್ಮ ನೋಡಿ, “ಪಾಪ, ಅದಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ” ಎಂದರು.

ಲಾರಿಯಣ್ಣ ಹೇಳಿದ, ಪತ್ರ ತೆಗೆದುಕೊಳ್ಳಲು ನಿಮ್ಮಲ್ಲಿಗೆ ಬಂದಾಗ ಮುಂದಿನ ಕೋಣೆಯಲ್ಲಿ ಮಷಿನ್ ಮೇಲೆ ಹೊದಿಕೆ ಹಾಕಿತ್ತಂತೆ, ಹೊದಿಕೆಯ ಮೇಲೆ ಧೂಳು ಕೂತಿತ್ತಂತೆ. ಅವನೇನೂ ಯೋಚಿಸಿ ಹೇಳಲಿಲ್ಲ, ಮಾತಿಗೆ ಹೇಳಿದ. “ಅಕ್ಕೋರು ರಜಾ ಹಾಕಿದಾರಾ?” ಎಂದು ಕೇಳಿದ.

ಬರಲು ಮನಸ್ಸಿಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ ಅತ್ತಿಗೆ. ಸಮವಸ್ತ್ರದ ಕಥೆ ಬೇಡ. ನೀವು ಗಿರಾಕಿಯ ರವಿಕೆಯನ್ನೇ ಹೊಲಿಯದೆ ಕಳಿಸಿದವರಲ್ಲ, ನನ್ನ ಪರದೆಯನ್ನು ಹಾಗೇ ಕಳಿಸಿದಿರಿ.


ಮಾರ್ಚ್ 19

ಕೋಪಗೌರಿಗೆ,

ಮೊದಲು ಕಪ್ಪೆಯ ವಿಷಯ. ಬಿಸಿಲಿಗೆ ಕಾದ ಕಪ್ಪು ಡ್ರಮ್ಮಿನ ಬೆನ್ನ ಮೇಲೆ ಯಾವ ಕಪ್ಪೆಯಾದರೂ ದಿನವಿಡೀ ಕೂರುತ್ತದಾ? ಅಲ್ಲಿ ನೆರಳಿದೆ. ಬಯಲಲ್ಲಿ ಇಟ್ಟ ಡ್ರಮ್ಮಿಗೆ ನೆರಳು ಎಲ್ಲಿಂದ ಬಂತು? ಮರ ಇದೆ ಎಂದು ನೀನು ಬರೆದಿಲ್ಲ. ಹಲಗೆ ಇದೆ ಎಂದು ಬರೆದಿದ್ದೀಯ. ಲಾರಿಯಣ್ಣ ನೀನು ಆನೆ ಕಟ್ಟುತ್ತೀಯಾ ಅಂದದ್ದನ್ನೂ ಬರೆದಿದ್ದೀಯ.

ನಿಜ ಹೇಳು. ಹಲಗೆ ಎಷ್ಟು ಎತ್ತರ ಏರಿಸಿದ್ದೀಯ?

ನಿನ್ನನ್ನು ಹುಡುಗಿಯಾಗಿದ್ದಾಗಿನಿಂದ ಬಲ್ಲೆ. ಬಟ್ಟೆ ಅಳತೆಗೆ ನಿಲ್ಲಿಸಿದರೆ ಕಿಟಕಿಯ ಬಾಗಿಲು ಹಾಕಿಸಿ, ಪರದೆ ಎಳೆಸಿ, ಆಮೇಲೂ ನಾನು ಬೇರೆ ಕಡೆ ನೋಡಲಿ ಎನ್ನುತ್ತಿದ್ದೆ. ಬೇರೆ ಕಡೆ ನೋಡುತ್ತಾ ಸೊಂಟದ ಅಳತೆ ತೆಗೆಯುವ ವಿದ್ಯೆ ನಾನು ಕಲಿತದ್ದೇ ನಿನ್ನಿಂದ.

ಮಷಿನ್ ವಿಷಯ ಆಮೇಲೆ. ಬರಲು ಮನಸ್ಸಿಲ್ಲ ಎಂದು ಮಾತ್ರ ಅಂದುಕೊಳ್ಳಬೇಡ.

ಅತ್ತಿಗೆ


ಮಾರ್ಚ್ 27

ಅತ್ತಿಗೆ,

ನಿಮ್ಮ ಪತ್ರ ಓದಿ ಹೋಗಿ ನಿಂತು ನೋಡಿದೆ. ಸಿಕ್ಕಿಬಿದ್ದೆ.

ಮೊದಲು ಹಲಗೆ ಭುಜದವರೆಗೇ ಇತ್ತು. ಪರೀಕ್ಷೆಗೆಂದು ಒಳಗೆ ಹೋಗಿ, ಬಟ್ಟೆ ಸಮೇತ ನಿಂತು, ಹಾಗೇ ಹೊರಗೆ ಬಂದೆ. ಪೂರ್ವಕ್ಕೆ ಮೇಲಿನ ದಾರಿ, ಅಲ್ಲಿ ಯಾರಾದರೂ ಬಂದರೆ? ಆ ಕಡೆ ಎರಡು ಹಲಗೆ ಏರಿಸಿದೆ. ಪಶ್ಚಿಮಕ್ಕೆ ದೊಡ್ಡಮ್ಮನ ಕಿಟಕಿ. ಅಲ್ಲೂ ಏರಿಸಿದೆ. ಮತ್ತೆ ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. ಮೇಲಿನ ಮೆಟ್ಟಿಲಿನಿಂದ ಬಗ್ಗಿ ನೋಡಿದರೆ ಎಂದು ಡ್ರಮ್ಮಿನ ಆಚೀಚೆಗೂ ಹೊಡೆದೆ. ಕೊನೆಗೆ ಡ್ರಮ್ಮು ಒಂದು ಪೆಟ್ಟಿಗೆಯೊಳಗೆ ಕೂತಿತ್ತು. ಸೂರ್ಯ ನೆತ್ತಿಗೆ ಬಂದಾಗ ಒಂದು ಕ್ಷಣ ಇಣುಕಿ ಹೋಗುತ್ತಿದ್ದ. ಮೂರು ಸಲ ಬಣ್ಣ ಬಳಿದೆ, ಗೋಣಿ ಸುತ್ತಿದೆ, ನನ್ನ ಹಲಗೆಗಳ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ನಿಮಗೆ ಬರೆಯದೆ ಬಿಟ್ಟ ಇನ್ನೊಂದು ಸಂಗತಿ: ಅಲ್ಲಿ ಒಂದು ದಿನವೂ ಸ್ನಾನ ಮಾಡಿರಲಿಲ್ಲ. ಗೊಬ್ಬರದ ಚೀಲಗಳ ಹಿಂದೆಯೇ ಮಾಡುತ್ತಿದ್ದೆ.

ನಿನ್ನೆ ಬೆಳಿಗ್ಗೆ ಮೊಳೆ ಕಿತ್ತೆ. ಒಂದೊಂದೇ ಹಲಗೆ ಇಳಿಸಿ, ಮತ್ತೆ ಭುಜದ ಮಟ್ಟಕ್ಕೆ ತಂದೆ. ಕಪ್ಪೆ ನನ್ನನ್ನು ಬೇಸರದಿಂದ ನೋಡಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮು ಮುಟ್ಟಲಾಗುತ್ತಿರಲಿಲ್ಲ. ಒಳಗೆ ಹೋದೆ. ನಲ್ಲಿ ತಿರುಗಿಸಿದೆ. ನೀರು ಬಿದ್ದ ಮೇಲೆ ಹೊರಗೆ ಓಡುವ ಯೋಚನೆ ಬರಲಿಲ್ಲ ಅತ್ತಿಗೆ, ಅಷ್ಟು ಹಿತವಾಗಿತ್ತು. ಹಲಗೆಯ ಮೇಲಿನಿಂದ ಎದುರಿನ ಗುಡ್ಡ, ಅದರ ಮೇಲೆ ಮೋಡದ ನೆರಳು ನಡೆದು ಹೋಗುವುದು ಎಲ್ಲ ಕಾಣುತ್ತಿತ್ತು. ಅಷ್ಟರಲ್ಲಿ ಮೇಲಿನ ದಾರಿಯಿಂದ ದೊಡ್ಡಮ್ಮ, “ನೀರು ಕಾದಿದೆಯೇನೇ?” ಎಂದರು. ನಾನು ಕುಸಿದು ಕೂರಲಿಲ್ಲ. ನಿಂತೇ “ಕಾದಿದೆ!” ಎಂದೆ. “ಮುಂದಿನ ಸರದಿ ನಂದು, ಎಲ್ಲಾ ಖಾಲಿ ಮಾಡ್ಬೇಡ” ಎನ್ನುತ್ತಾ ಹೋದರು.

ನನ್ನದು ಹೇಳಿದೆ. ಈಗ ನಿಮ್ಮದು.


ಏಪ್ರಿಲ್ 10

ಗೌರಿ,

ಎರಡು ವಾರ ಲಾರಿಯಣ್ಣನನ್ನು ಬರಿಗೈಯಲ್ಲಿ ಕಳಿಸಿದೆ. ಅವನು ಬಾಗಿಲಲ್ಲಿ ನಿಂತು, “ಏನೂ ಇಲ್ವಾ? ಆ ಹುಡುಗಿ ಲಾರಿ ಸದ್ದಿಗೇ ಗೇಟಿಗೆ ಓಡಿ ಬರ್ತಾಳೆ, ನಾನು ಏನು ಮುಖ ತೋರಿಸ್ಲಿ?” ಎಂದು ನಿನ್ನೆ ಜಗಳಕ್ಕೇ ನಿಂತ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೋದ ಮುಂದಿನ ತಿಂಗಳೇ ಬಲಭುಜ ಹಿಡಿದುಕೊಂಡಿತು. ಬಿದ್ದದ್ದಲ್ಲ, ಪೆಟ್ಟಲ್ಲ, ಹೊಲಿದೂ ಹೊಲಿದೂ ಬಂದದ್ದಿರಬೇಕು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಬೆನ್ನ ಹಿಂದಕ್ಕೆ ಹೋಗುವುದಿಲ್ಲ. ಮೇಜಿನ ಮೇಲೆ ಇಟ್ಟರೂ ನೋವು. ಮಡಿಲಲ್ಲಿ ಹಲಗೆ ಇಟ್ಟುಕೊಂಡು ಬರೆಯುತ್ತೇನೆ, ಹಾಗಾಗಿ ಸಾಲು ಜಾರುತ್ತದೆ. ಹೆದರಬೇಡ. ನಿಧಾನಕ್ಕೆ ಬಿಡುತ್ತದೆ ಎಂದಿದ್ದಾರೆ ಡಾಕ್ಟರು. ದಿನಾ ಗೋಡೆಗೆ ಎದುರು ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸಬೇಕು. ನಿನ್ನ ಅಣ್ಣ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಮೊನ್ನೆ ಸ್ವಿಚ್ಚಿನ ಹಲಗೆ ದಾಟಿದೆ, ಮನೆಯಲ್ಲಿ ಚಪ್ಪಾಳೆ.

ನೋವು ದೊಡ್ಡ ವಿಷಯವಲ್ಲ. ಸ್ನಾನ. ಎಡಗೈಯಲ್ಲಿ ಚೊಂಬು ಎತ್ತಿದರೆ ನೀರು ಗೋಡೆಗೆ. ತಲೆ ಉಜ್ಜಲಾಗುವುದಿಲ್ಲ, ಬೆನ್ನು ಮುಟ್ಟಲಾಗುವುದಿಲ್ಲ. ನಿಮ್ಮಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು, “ನಾನಿಲ್ವೇನೇ?” ಎಂದು. ದಿನಾ ಅವರೇ ಹಾಕುತ್ತಾರೆ. ನೀರು ಸುರಿಯುವಾಗ “ಕಣ್ಣು ಮುಚ್ಚು, ಕಣ್ಣು ಮುಚ್ಚು” ಎನ್ನುತ್ತಾರೆ. ನಲವತ್ತೆರಡು ವರ್ಷದವಳು, ಕಣ್ಣು ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂರುತ್ತೇನೆ. ಅವರ ಪ್ರೀತಿಗೆ ಕೊರತೆಯಿಲ್ಲ. ಆದರೆ ಬಚ್ಚಲಿನ ಚಿಲಕ ಹಾಕಿಕೊಂಡು ಒಬ್ಬಳೇ ಇದ್ದದ್ದು ಯಾವಾಗ ಎಂದು ಈಗ ನೆನಪಿಗೇ ಬರುವುದಿಲ್ಲ.

ನಿನ್ನ ಡ್ರಮ್ಮಿನ ಸುದ್ದಿ ಬಂದಾಗ, ನೀರು ತಾನಾಗಿ ಬೀಳುತ್ತದೆ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಆಮೇಲೆ ನಲ್ಲಿ ತಲೆಯ ಮೇಲೆ ಎಂದು ಬರೆದೆ. ಬಂದರೆ ನಿನ್ನನ್ನೇ ಕರೆಯಬೇಕು, ನಲ್ಲಿಗೂ, ಬೆನ್ನಿಗೂ. ಅಳತೆ ಟೇಪಿಗೇ ನಾಚುವವಳು ನೀನು. ನನಗೋಸ್ಕರ ಇಲ್ಲ ಎನ್ನುವುದಿಲ್ಲ, ಕೆಂಪಗಾಗಿ ಹಲ್ಲು ಕಚ್ಚಿಕೊಂಡು ಮಾಡುತ್ತೀಯ. ಅದನ್ನು ನಿನ್ನ ಕೈಯಲ್ಲಿ ಮಾಡಿಸಲು ನನಗೆ ಮನಸ್ಸಿಲ್ಲ. ಬರದಿದ್ದದ್ದು ಅದಕ್ಕೆ. ಬೇಸರ ಮಾಡಿಕೊಳ್ಳಬೇಡ.

ಅತ್ತಿಗೆ


ಏಪ್ರಿಲ್ 18

ಅತ್ತಿಗೆ,

ನಲ್ಲಿಯನ್ನು ಕೆಳಗಿಳಿಸಿದ್ದೇನೆ.

ಡ್ರಮ್ಮಿನ ಬುಡದಿಂದ ಪೈಪು ಈಗ ಗೋಡೆಗುಂಟ ಸೊಂಟದವರೆಗೆ ಇಳಿಯುತ್ತದೆ. ಅಲ್ಲಿ, ಎಡಗಡೆಗೆ, ನಲ್ಲಿ. ಅಲ್ಲಿಂದ ತಿರುಗಿ ಮೇಲೆ ಹತ್ತಿ ತಲೆಯ ಮೇಲಿನ ಮೂತಿಗೆ ಸೇರುತ್ತದೆ. ಲಾರಿಯಣ್ಣ ನೋಡಿ, “ಇಳಿದ ನೀರು ಮತ್ತೆ ಹತ್ತೋದು ಎಲ್ಲಾದ್ರೂ ಇದೆಯಾ? ಹತ್ತಿದ್ರೆ ಮೀಸೆ ಬೋಳಿಸ್ತೀನಿ” ಎಂದ. ಡ್ರಮ್ಮು ಮೂತಿಗಿಂತ ಮೇಲಿರುವವರೆಗೂ ಹತ್ತುತ್ತದೆ ಎಂದೆ. ಹತ್ತಿತು. ಮೀಸೆ ಇನ್ನೂ ಇದೆ. “ಇದು ಹತ್ತಿದ್ದಲ್ಲ, ಹಿಂದಿನ ನೀರು ತಳ್ಳಿದ್ದು, ಲೆಕ್ಕಕ್ಕಿಲ್ಲ” ಅನ್ನುತ್ತಾನೆ.

ಎಡಗಡೆಯ ಕಂಬಕ್ಕೆ ಹಿಡಿ ಹೊಡೆದಿದ್ದೇನೆ. ಸೋಪು, ಟವೆಲು ಎಲ್ಲ ಸೊಂಟದ ಮಟ್ಟದಲ್ಲಿ. ಪರದೆಗೆ ಬಳೆಗಳನ್ನು ಹಾಕಿದ್ದೇನೆ, ಒಂದು ಬೆರಳಲ್ಲಿ ಎಳೆದರೆ ಸರಿಯುತ್ತದೆ. ಹೊಲಿಗೆ ಅಂಕುಡೊಂಕಾಗಿದೆ, ಬಂದ ಕೂಡಲೇ ಅದನ್ನು ನೋಡಬೇಡಿ.

ಬೆನ್ನಿಗೇ ತಲೆ ಕೆಡಿಸಿಕೊಂಡೆ. ಕೊನೆಗೆ ಮೂಲೆಯ ಕಂಬಕ್ಕೆ ಒಣಗಿದ ಹೀರೆಕಾಯಿಯ ನಾರನ್ನು ಮೇಲಿನಿಂದ ಕೆಳಗಿನವರೆಗೆ ಬಿಗಿದು ಕಟ್ಟಿದೆ. ಅದಕ್ಕೆ ಬೆನ್ನು ಕೊಟ್ಟು, ಎಮ್ಮೆ ಮರಕ್ಕೆ ಮೈ ಉಜ್ಜುವ ಹಾಗೆ ಆಚೀಚೆ ಆಡಿದರಾಯಿತು. ನಾನೇ ಮಾಡಿ ನೋಡಿದೆ. ದೊಡ್ಡಮ್ಮನೂ ಮಾಡಿ ನೋಡಿದರು, ಬಹಳ ಹೊತ್ತು. ಕರೆದರೂ ಹೊರಗೆ ಬರಲಿಲ್ಲ. ತಲೆಗೆ ಎಡಗೈ ಒಂದೇ ಸಾಕು, ನೀರು ಬೀಳುತ್ತಲೇ ಇರುತ್ತದಲ್ಲ.

ಭಾನುವಾರ ಲಾರಿ ಖಾಲಿ ಬರುತ್ತದೆ. ಮುಂದಿನ ಸೀಟಿಗೆ ದಿಂಬು ಹಾಕಿಸಿದ್ದೇನೆ. ಅಣ್ಣನಿಗೂ ಅಮ್ಮನಿಗೂ ಬೇರೆ ಚೀಟಿ ಬರೆದಿದ್ದೇನೆ, ಅದರಲ್ಲಿ ಭುಜದ ಮಾತಿಲ್ಲ, ನನಗೆ ನೀವು ಬೇಕು ಎಂದಷ್ಟೇ ಇದೆ. ಇಲ್ಲಿಯ ಕಲ್ಲುಗೋಡೆಯ ಮೇಲೂ ಬೆರಳು ನಡೆಸಬಹುದು, ಗುರುತು ನಾನು ಹಾಕುತ್ತೇನೆ.

ನಿನ್ನೆಯವರೆಗೂ ಇನ್ನೊಂದು ಯೋಚನೆ ಇತ್ತು. ನೀವು ಒಳಗಿರುವಾಗ ಪರದೆಯ ಹೊರಗೆ ನಿಂತಿರಬೇಕು, ಏನಾದರೂ ಬೇಕಾದರೆ ತಕ್ಷಣ ಒದಗಬೇಕು ಎಂದು. ನಾಚಿಕೆ ಬಿಟ್ಟು ಬೆನ್ನುಜ್ಜಲೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ, ನಿಜವಾಗಿ. ಇವತ್ತು ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ, ಅದನ್ನೆಲ್ಲ ಕೈಬಿಟ್ಟೆ.

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ನೀರು ಚೆನ್ನಾಗಿ ಕಾದಿರುತ್ತದೆ. ದೊಡ್ಡಮ್ಮ ಮಲಗಿರುತ್ತಾರೆ. ನೀವು ಒಳಗೆ ಹೋಗಿ, ಪರದೆ ಎಳೆದುಕೊಳ್ಳಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇರಿ. ನಾನು ಅಲ್ಲಿರುವುದಿಲ್ಲ. ಕೆಳಗಿನ ಮಡಿಗಳಲ್ಲಿರುತ್ತೇನೆ, ಕೂಗಿದರೆ ಕೇಳಿಸುತ್ತದೆ. ಆ ಹೊತ್ತಿಗೆ ನನಗೆ ಅಲ್ಲಿ ಕೆಲಸವಿದೆ. ಏನು ಕೆಲಸ ಎಂದು ಇನ್ನೂ ಯೋಚಿಸಿಲ್ಲ.